ಪ್ರೋಟೀನಿನೊಳಗಿನ ನೆರೆಹೊರೆ

ಸಂಜೆಯ ವೇಳೆ ಹೂವಾಡಗಿತ್ತಿಯು ಎರಡು ಮಾರು ಮಲ್ಲಿಗೆಯನ್ನು ಅಳೆದು, ಸುರುಳಿ ಸುತ್ತಿ, ಬಾಳೆಯ ಎಲೆಯಲ್ಲಿ ಕಟ್ಟಿ ಕೊಡುವುದನ್ನು ನಾವೆಲ್ಲರೂ ನೋಡಿದ್ದೇವೆ. ಮನೆಗೆ ಬಂದು ಪೊಟ್ಟಣವನ್ನು ಬಿಚ್ಚಿದರೆ ಅಲ್ಲಿರುವುದು ಒಂದು ಹೂವಿನ ಉಂಡೆ. ದಾರದ ಒಂದು ತುದಿಯ ಹೂವು ಇನ್ನೊಂದು ತುದಿಯ ಹೂವಿಗೆ ಒತ್ತಿಕೊಂಡಿರುತ್ತದೆ. ದಾರದ ಮೇಲೆ ಎಣಿಸಿದರೆ ಅವುಗಳ ನಡುವೆ ನೂರಾರು ಹೂವುಗಳಿವೆ. ಹಾಗಾದರೆ ಈ ಎರಡು ಹೂವುಗಳು ದೂರದವೋ, ಹತ್ತಿರದವೋ? ದಾರದ ಲೆಕ್ಕದಲ್ಲಿ ದೂರ, ಉಂಡೆಯ ಲೆಕ್ಕದಲ್ಲಿ ಹತ್ತಿರ. ಪ್ರೋಟೀನುಗಳ ವಿಷಯದಲ್ಲಿ ಈ ಎರಡನೆಯ ಲೆಕ್ಕಕ್ಕೆ ಬಹಳ ಬೆಲೆಯುಂಟು. ಅದನ್ನು ಮಾಡುವುದು ಹೇಗೆ, ಮಾಡಿದರೆ ತಿಳಿದುಬರುವುದೇನು ಎಂಬುದನ್ನು ಈಗ ವಿಚಾರಿಸೋಣ.

ಪ್ರೋಟೀನೆಂಬುದು ಅಮೈನೊ ಆಮ್ಲಗಳ ಸರಪಳಿ. ಈ ಆಮ್ಲಗಳಲ್ಲಿ ಮುಖ್ಯವಾಗಿ ಇಪ್ಪತ್ತು ಬಗೆಗಳಿವೆ. ಒಂದು ಆಮ್ಲವು ಮತ್ತೊಂದರೊಡನೆ ಕೂಡುವಾಗ ಒಂದು ನೀರಿನ ಅಣು ಕಳಚಿಹೋಗುತ್ತದೆ. ಹಾಗೆ ಕಳೆದು ಉಳಿದ ಭಾಗಕ್ಕೆ 'ಶೇಷ' ಎಂದು ಹೆಸರಿಡೋಣ. ಶೇಷಗಳ ಬೆನ್ನೆಲುಬು ಹೆಚ್ಚುಕಡಿಮೆ ಒಂದೇ ವಿಧವಾದುದು. ವ್ಯತ್ಯಾಸವಿರುವುದು ಪಕ್ಕಕ್ಕೆ ಚಾಚಿಕೊಂಡಿರುವ ಕವಲಿನಲ್ಲಿ. ಕೆಲವು ಕವಲುಗಳಿಗೆ ನೀರೆಂದರೆ ಒಲವು. ಕೆಲವಕ್ಕೆ ನೀರು ಸೇರದು. ಮತ್ತೆ ಕೆಲವು ಧನ ಅಥವಾ ಋಣ ವಿದ್ಯುದಂಶವನ್ನು ಹೊತ್ತಿರುತ್ತವೆ. ನೀರಿನಲ್ಲಿರುವ ಸರಪಳಿಯು ನೀರನ್ನೊಲ್ಲದ ಕವಲುಗಳನ್ನು ಬಹುಮಟ್ಟಿಗೆ ಒಳಗಡೆ ಅಡಗಿಸಿಕೊಂಡು ಉಂಡೆಯಾಗಿ ಮಡಿಸಿಕೊಳ್ಳುತ್ತದೆ.

ಉದಾಹರಣೆಗಾಗಿ ದನದ ಮೇದೋಜೀರಕ ಗ್ರಂಥಿಯಲ್ಲಿ ದೊರೆಯುವ ರೈಬೊನ್ಯೂಕ್ಲಿಯೇಸ್ ಎಂಬ ಕಿಣ್ವವನ್ನು ತೆಗೆದುಕೊಳ್ಳೋಣ. ಆರ್‌ಎನ್‌ಎ ಎಂಬ ಉದ್ದನೆಯ ಅಣುವನ್ನು ತುಂಡರಿಸುವುದು ಇದರ ಕೆಲಸ. ಇದರಲ್ಲಿರುವುದು 124 ಶೇಷಗಳು. ಸರಪಳಿಯನ್ನು ನೀಳವಾಗಿ ಎಳೆದಿಟ್ಟರೆ ಅದರ ಉದ್ದ 400 ಆಂಗ್‌ಸ್ಟ್ರಮ್‌ಗಳನ್ನು ಮೀರುತ್ತದೆ. ಮಡಿಸಿಕೊಂಡ ಅಣುವಿನ ಅತಿ ದೊಡ್ಡ ಅಳತೆಯಾದರೋ ಸುಮಾರು 40 ಮಾತ್ರ. ಒಂದು ಆಂಗ್‌ಸ್ಟ್ರಮ್ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲೆಂಬುದು ವಾಚಕರಿಗೆ ನೆನಪಿರಲಿ.

ಪ್ರೋಟೀನನ್ನು ಹರಳುಗಟ್ಟಿಸಿ, ಅದರ ಮೂಲಕ ಎಕ್ಸ್ ಕಿರಣಗಳನ್ನು ಹಾಯಿಸಿ, ಅವು ಚದರುವ ಬಗೆಯಿಂದ ಪ್ರತಿಯೊಂದು ಪರಮಾಣುವಿನ ಸ್ಥಾನವನ್ನು ಕಂಡುಹಿಡಿಯುತ್ತಾರೆ. ಆ ಸ್ಥಾನವನ್ನು x, y, z ಎಂಬ ಮೂರು ನಿರ್ದೇಶಾಂಕಗಳು ಹೇಳುತ್ತವೆ. ಇಂತಹ ಅಂಕಿಗಳನ್ನೆಲ್ಲ ಕೂಡಿಡುವ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಭಂಡಾರವು 1971ರಲ್ಲಿ ಆರಂಭವಾಯಿತು. ಇಂದು ಅದರಲ್ಲಿ ಎರಡು ಲಕ್ಷಕ್ಕೂ ಮೀರಿದ ರಚನೆಗಳಿವೆ, ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದು. ಅಂಕಿಗಳು ಕೈಗೆ ಬಂದ ಮೇಲೆ ಉಳಿದಿರುವುದು ಪೈಥಾಗೊರಸನ ಪ್ರಮೇಯ ಮಾತ್ರ. ಒಂದು ಶೇಷದ ಆಲ್ಫಾ ಇಂಗಾಲವು (12, 5, 8) ಎಂಬಲ್ಲಿಯೂ ಇನ್ನೊಂದರದು (16, 8, 8) ಎಂಬಲ್ಲಿಯೂ ಇದೆಯೆಂದು ಭಾವಿಸಿರಿ. ವ್ಯತ್ಯಾಸಗಳು 4, 3, 0. ವರ್ಗಗಳ ಮೊತ್ತ 25, ವರ್ಗಮೂಲ 5. ಅಂದರೆ ದೂರ 5 ಆಂಗ್‌ಸ್ಟ್ರಮ್. ಈ ದೂರ 8ಕ್ಕಿಂತ ಕಡಿಮೆಯಿದ್ದರೆ ಎರಡು ಶೇಷಗಳೂ ಸಂಪರ್ಕದಲ್ಲಿವೆಯೆಂದು ಹೇಳುವುದು ವಾಡಿಕೆ. 124 ಶೇಷಗಳಿಂದ ಆಗುವ ಜೋಡಿಗಳು 124 × 123 ÷ 2, ಎಂದರೆ 7626. ಕಾಗದದ ಮೇಲೆ ಮಾಡಿದರೆ ವಾರಗಟ್ಟಲೆ ಹಿಡಿಯುವ ಈ ಕೆಲಸವನ್ನು ಗಣಕಯಂತ್ರವು ಕಣ್ಣೆವೆಯಿಕ್ಕುವಷ್ಟರಲ್ಲಿ ಮುಗಿಸುತ್ತದೆ.

ಫಲಿತಾಂಶವನ್ನು ನಕ್ಷೆಯ ಕಾಗದದ ಮೇಲೆ ಬರೆಯಬಹುದು. ಅಡ್ಡಲಾಗಿ 1ರಿಂದ 124, ಲಂಬವಾಗಿಯೂ 1ರಿಂದ 124. ಸಂಪರ್ಕವಿರುವ ಜೋಡಿಗೆ ಒಂದು ಚುಕ್ಕೆ. ಇದೇ ಸಂಪರ್ಕನಕ್ಷೆ. ಇಲ್ಲಿ ವಿದ್ಯಾರ್ಥಿಗಳು ಮಾಡುವ ಒಂದು ತಪ್ಪನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ: ಕರ್ಣದ ಪಕ್ಕದಲ್ಲಿ ದಟ್ಟವಾಗಿ ಬಿದ್ದ ಚುಕ್ಕೆಗಳನ್ನು ಕಂಡು ಎಷ್ಟೊಂದು ಸಂಪರ್ಕಗಳೆಂದು ಹಿಗ್ಗುವುದು. ಒಂದರ ಪಕ್ಕದಲ್ಲಿ ಒಂದಿರುವ ಶೇಷಗಳ ಆಲ್ಫಾ ಇಂಗಾಲಗಳ ದೂರ ಹೇಗಿದ್ದರೂ ಸುಮಾರು 3.8 ಆಂಗ್‌ಸ್ಟ್ರಮ್, ಅವು ಹತ್ತಿರವಿರುವುದರಲ್ಲಿ ವಿಶೇಷವೇನಿದೆ? ಆದರೆ ಕರ್ಣಕ್ಕೆ ಅಂಟಿಕೊಂಡ ದಪ್ಪ ಪಟ್ಟಿಯು ಸುರುಳಿಯ ಗುರುತು, ಏಕೆಂದರೆ ಸುರುಳಿಯಲ್ಲಿ ಪ್ರತಿಯೊಂದು ಶೇಷವೂ ತನ್ನಿಂದ ಮೂರನೆಯ ಮತ್ತು ನಾಲ್ಕನೆಯ ಶೇಷಗಳಿಗೆ ಸಮೀಪವಾಗುತ್ತದೆ. ಸರಪಳಿಯು ಹೋಗಿ ಹಿಂತಿರುಗಿ ಬಂದು ತನ್ನ ಪಕ್ಕದಲ್ಲಿಯೇ ಮಲಗಿದ್ದರೆ 40ಕ್ಕೆ 60, 41ಕ್ಕೆ 59, 42ಕ್ಕೆ 58 ಎಂಬಂತೆ ಜೋಡಿಗಳಾಗುತ್ತವೆ. ಮೊತ್ತ ಎಲ್ಲೆಡೆಯೂ 100. ಆದ್ದರಿಂದ ಚುಕ್ಕೆಗಳ ಸಾಲು ಕರ್ಣಕ್ಕೆ ಲಂಬವಾಗಿರುತ್ತದೆ. ಎರಡು ಎಳೆಗಳೂ ಒಂದೇ ದಿಕ್ಕಿಗೆ ಹರಿದರೆ ಸ್ಥಿರವಾಗಿರುವುದು ಮೊತ್ತವಲ್ಲ, ವ್ಯತ್ಯಾಸ. ಸಾಲು ಕರ್ಣಕ್ಕೆ ಸಮಾಂತರವಾಗುತ್ತದೆ. ಹೀಗೆ ಮೂರು ಆಯಾಮಗಳ ಆಕಾರವನ್ನು ಚಪ್ಪಟೆ ಕಾಗದದ ಮೇಲೆ ಓದಬಹುದು.

8 ಎಂಬ ಅಂಕಿಯಲ್ಲಿ ಪವಿತ್ರವಾದದ್ದೇನೂ ಇಲ್ಲ. ಬೆನ್ನೆಲುಬುಗಳು ಹತ್ತಿರವಿದ್ದು ಕವಲುಗಳು ವಿರುದ್ಧ ದಿಕ್ಕುಗಳಿಗೆ ಮುಖಮಾಡಿರಬಹುದು. ಇದಕ್ಕಾಗಿ ಕೆಲವರು ಜಲಜನಕವನ್ನು ಬಿಟ್ಟು ಉಳಿದ ಎಲ್ಲ ಪರಮಾಣುಗಳ ದೂರಗಳನ್ನೂ ಅಳೆದು, 4.5 ಆಂಗ್‌ಸ್ಟ್ರಮ್‌ಗಿಂತ ಕಡಿಮೆಯಾದುದನ್ನು ಮಾತ್ರ ಸಂಪರ್ಕವೆನ್ನುತ್ತಾರೆ. ನಮಗೆ ಈ ಕ್ರಮವೇ ಹೆಚ್ಚು ಹಿಡಿಸುತ್ತದೆ. ಮೇಲಿನ ಮಿತಿಯು ನಮ್ಮ ಅನುಕೂಲದ್ದು. ಕೆಳಗಿನ ಮಿತಿಯಾದರೋ ಪ್ರಕೃತಿಯದು. ತಮ್ಮೊಳಗೆ ಬಂಧವಿಲ್ಲದ ಎರಡು ಇಂಗಾಲ ಪರಮಾಣುಗಳು 3.2, ಹೆಚ್ಚೆಂದರೆ 3.0 ಆಂಗ್‌ಸ್ಟ್ರಮ್‌ವರೆಗೆ ಸಮೀಪಿಸಬಹುದೆಂದು ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಂಗಡಿಗರು ಮದರಾಸಿನಲ್ಲಿ ಗೊತ್ತುಮಾಡಿದರು. ಇಂತಹ ಮಿತಿಗಳನ್ನೇ ಆಧಾರವಾಗಿಟ್ಟುಕೊಂಡು, ಬೆನ್ನೆಲುಬು ಯಾವ ಯಾವ ಕೋನಗಳಲ್ಲಿ ತಿರುಗಬಲ್ಲುದೆಂಬುದನ್ನು ಅವರು 1963ರಲ್ಲಿ ಪ್ರಕಟಿಸಿದರು. 1970ರ ದಶಕದ ಆರಂಭದಿಂದ ರಾಮಚಂದ್ರನ್ ಅವರ ಕಾರ್ಯಕ್ಷೇತ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಾಗಿತ್ತು.

ಈಗ ರೈಬೊನ್ಯೂಕ್ಲಿಯೇಸಿಗೆ ಮರಳೋಣ. ಅದರಲ್ಲಿ ಹಿಸ್ಟಿಡೀನ್ ಎಂಬ ಶೇಷವು 12, 48, 105, 119 ಎಂಬ ನಾಲ್ಕು ಸ್ಥಾನಗಳಲ್ಲಿದೆ. 1963ರಲ್ಲಿ ಕ್ರೆಸ್ಟ್‌ಫೀಲ್ಡ್, ಸ್ಟೈನ್ ಮತ್ತು ಮೂರ್ ಎಂಬ ರಸಾಯನಶಾಸ್ತ್ರಜ್ಞರು ಈ ಕಿಣ್ವಕ್ಕೆ ಅಯೊಡೊ ಅಸಿಟಿಕ್ ಆಮ್ಲವನ್ನು ಸೇರಿಸಿದ ಪ್ರಯೋಗಗಳನ್ನು ವರದಿಮಾಡಿದರು. ಕೆಲವು ಅಣುಗಳಲ್ಲಿ 12ನೆಯ ಹಿಸ್ಟಿಡೀನ್ ಮಾರ್ಪಟ್ಟಿತ್ತು, ಕೆಲವದರಲ್ಲಿ 119ನೆಯದು. ಎರಡೂ ಮಾರ್ಪಟ್ಟ ಅಣು ಕಾಣಲಿಲ್ಲ. ಯಾವುದು ಮಾರ್ಪಟ್ಟರೂ ಕಿಣ್ವದ ಕೆಲಸ ನಿಂತುಹೋಗುತ್ತಿತ್ತು. ಇದರ ಅರ್ಥವೇನು? ಕಿರಿದಾದ ಒಂದು ಕೋಣೆಯಲ್ಲಿ ಎರಡು ಪೀಠಗಳಿದ್ದು, ಒಬ್ಬನು ಕುಳಿತೊಡನೆ ಇನ್ನೊಬ್ಬನಿಗೆ ಜಾಗವಿಲ್ಲದಂತಾದರೆ ಆ ಪೀಠಗಳು ಪಕ್ಕಪಕ್ಕದಲ್ಲಿಯೇ ಇರಬೇಕು. ಸರಪಳಿಯ ಮೇಲೆ 107 ಹೆಜ್ಜೆ ದೂರವಿರುವ ಈ ಎರಡು ಶೇಷಗಳು ಅಣುವಿನಲ್ಲಿ ನೆರೆಯವು ಎಂದು, ಅಣುವಿನ ಆಕಾರವನ್ನು ಯಾರೂ ಕಾಣುವುದಕ್ಕೆ ಮೊದಲೇ ತೀರ್ಮಾನವಾಯಿತು.

ಆಕಾರವು ಕಂಡದ್ದು 1967ರಲ್ಲಿ. ಅಮೆರಿಕದ ಬಫೆಲೊ ನಗರದಲ್ಲಿ ಗೋಪಿನಾಥ್ ಕಾರ್ತಾ, ಜೇಕ್ ಬೆಲ್ಲೊ ಮತ್ತು ಡೇವಿಡ್ ಹಾರ್ಕರ್ ಅವರು ಎಕ್ಸ್ ಕಿರಣಗಳಿಂದ ಅದನ್ನು ಬಿಡಿಸಿದರು. ಇದೇ ಕಾರ್ತಾ ಅವರು ಹಿಂದೆ ಮದರಾಸಿನಲ್ಲಿ ರಾಮಚಂದ್ರನ್ ಅವರೊಡನೆ ಕೊಲ್ಲಾಜೆನ್ ಪ್ರೋಟೀನಿನ ರಚನೆಯನ್ನು ಅಭ್ಯಸಿಸಿದವರು. ಮೂತ್ರಪಿಂಡದ ಆಕಾರದ ಅಣುವಿನ ನಡುವಣ ಸೀಳಿನಲ್ಲಿ 12 ಮತ್ತು 119 ಎದುರುಬದುರಾಗಿ ನಿಂತಿದ್ದವು. ಆರ್‌ಎನ್‌ಎ ತುಂಡಾಗುವಾಗ ಒಂದು ಹಿಸ್ಟಿಡೀನ್ ಪ್ರೋಟಾನನ್ನು ತೆಗೆದುಕೊಳ್ಳುತ್ತದೆ, ಮತ್ತೊಂದು ಪ್ರೋಟಾನನ್ನು ಕೊಡುತ್ತದೆ. ಈ ಕೊಡುಕೊಳ್ಳುವಿಕೆಯು ನಡೆಯಬೇಕಾದರೆ ಇಬ್ಬರೂ ಒಂದೇ ಜಗಲಿಯಲ್ಲಿರಬೇಕಷ್ಟೆ.

ಇದೇ ಕಿಣ್ವದ ಮೇಲೆ ಕ್ರಿಶ್ಚಿಯನ್ ಆನ್‌ಫಿನ್‌ಸೆನ್ ಮಾಡಿದ ಪ್ರಯೋಗವೂ ಪ್ರಸಿದ್ಧವಾದುದು. ಸರಪಳಿಯಲ್ಲಿ ಗಂಧಕವುಳ್ಳ ಸಿಸ್ಟೀನ್ ಶೇಷಗಳು ಎಂಟಿವೆ. ಅವು ಎರಡೆರಡಾಗಿ ಕೂಡಿ ನಾಲ್ಕು ಸೇತುವೆಗಳಾಗಿವೆ. ಎಂಟನ್ನು ಜೋಡಿಸುವ ಬಗೆಗಳು 7 × 5 × 3 × 1 = 105. ಸೇತುವೆಗಳನ್ನು ಕಡಿದು, ಯೂರಿಯದಲ್ಲಿ ಉಂಡೆಯನ್ನು ಬಿಚ್ಚಿ, ಬಿಚ್ಚಿದ ಸ್ಥಿತಿಯಲ್ಲಿಯೇ ಗಂಧಕಗಳನ್ನು ಕೂಡಲು ಬಿಟ್ಟಾಗ ಕಿಣ್ವದ ಶಕ್ತಿಯಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಮರಳಿತು. ಮೊದಲು ಯೂರಿಯವನ್ನು ತೆಗೆದು ಅನಂತರ ಕೂಡಲು ಬಿಟ್ಟರೆ ಶಕ್ತಿಯು ಹೆಚ್ಚುಕಡಿಮೆ ಪೂರ್ತಿಯಾಗಿ ಬಂದಿತು! 105 ದಾರಿಗಳಲ್ಲಿ ಸರಿಯಾದ ಒಂದನ್ನು ಸರಪಳಿಯು ತಾನೇ ಆರಿಸಿಕೊಂಡಿತ್ತು. ಸ್ಟೈನ್, ಮೂರ್ ಮತ್ತು ಆನ್‌ಫಿನ್‌ಸೆನ್ ಮೂವರಿಗೂ 1972ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ನೆರೆಹೊರೆಯು ಒಂದೇ ಸರಪಳಿಗೆ ಸೀಮಿತವಲ್ಲ. ಬೇಡದ ನೆರೆಯೊಂದು ಏರ್ಪಟ್ಟರೆ ಏನಾಗುವುದೆಂಬುದಕ್ಕೆ ಕುಡುಗೋಲು ಕಣ ರೋಗವು ನಿದರ್ಶನ. ನಮ್ಮ ಚಾಮರಾಜನಗರ ಜಿಲ್ಲೆಗೆ ಹೊಂದಿಕೊಂಡಿರುವ ನೀಲಗಿರಿಯ ಗಿರಿಜನರಲ್ಲಿ ಕುಡುಗೋಲು ಕಣಗಳಿರುವುದನ್ನು ಲೇಮನ್ ಮತ್ತು ಕಟ್‌ಬುಷ್ 1952ರಲ್ಲಿ ವರದಿಮಾಡಿದರು. ರಕ್ತದ ಹೀಮೊಗ್ಲೋಬಿನ್ನಿನಲ್ಲಿ ಎರಡು ಆಲ್ಫಾ ಮತ್ತು ಎರಡು ಬೀಟಾ ಸರಪಳಿಗಳಿವೆ. ಈ ರೋಗದಲ್ಲಿ ಬೀಟಾ ಸರಪಳಿಯ 6ನೆಯ ಸ್ಥಾನದ ಗ್ಲುಟಾಮಿಕ್ ಆಮ್ಲವು ಹೋಗಿ ಅಲ್ಲಿ ವ್ಯಾಲೀನ್ ಬಂದಿರುತ್ತದೆಂಬುದನ್ನು 1957ರಲ್ಲಿ ವರ್ನನ್ ಇಂಗ್ರಾಂ ತೋರಿಸಿದರು. 146 ಶೇಷಗಳಲ್ಲಿ ಒಂದೇ ಒಂದು. ಅದೂ ಅಣುವಿನ ಹೊರಮೈಯ ಮೇಲೆ. ಇಷ್ಟರಿಂದ ಇಂತಹ ಅನಾಹುತವೇಕೆ?

ಉತ್ತರವು ಸಂಪರ್ಕಗಳ ಪಟ್ಟಿಯಲ್ಲಿದೆ. ಗ್ಲುಟಾಮಿಕ್ ಆಮ್ಲವು ಋಣ ವಿದ್ಯುದಂಶವುಳ್ಳದ್ದು, ನೀರಿನಲ್ಲಿ ಸುಖವಾಗಿರುತ್ತದೆ. ವ್ಯಾಲೀನಿಗೆ ನೀರು ಸೇರದು. ಆಮ್ಲಜನಕವನ್ನು ಬಿಟ್ಟುಕೊಟ್ಟ ಹೀಮೊಗ್ಲೋಬಿನ್ನಿನ ಮೈಮೇಲೆ ಬೀಟಾ ಸರಪಳಿಯ 85ನೆಯ ಫಿನೈಲ್ ಅಲನೀನ್ ಮತ್ತು 88ನೆಯ ಲ್ಯೂಸೀನ್‌ಗಳ ನಡುವೆ ನೀರನ್ನೊಲ್ಲದ ಒಂದು ಗುಳಿಯಿದೆ. ಒಂದು ಅಣುವಿನ 6ನೆಯ ವ್ಯಾಲೀನ್ ನೆರೆಯ ಅಣುವಿನ ಈ ಗುಳಿಯೊಳಗೆ ಹೋಗಿ ಕೂಡುತ್ತದೆ. ಅಣುಗಳು ಹೀಗೆ ಒಂದಕ್ಕೊಂದು ಕಚ್ಚಿಕೊಂಡು ಉದ್ದನೆಯ ನಾರುಗಳಾಗುತ್ತವೆ. ನಾರುಗಳು ಕೆಂಪು ರಕ್ತಕಣವನ್ನು ಕುಡುಗೋಲಿನಂತೆ ಬಾಗಿಸುತ್ತವೆ. ಬಾಗಿದ ಕಣಗಳು ಸಣ್ಣ ರಕ್ತನಾಳಗಳನ್ನು ಮುಚ್ಚಿ ರೋಗಿಗೆ ಸಹಿಸಲಾಗದ ನೋವನ್ನುಂಟುಮಾಡುತ್ತವೆ.

ಈ ರೋಗವನ್ನು ಹೊತ್ತು ಹುಟ್ಟಿದ ಮಗುವಿಗೆ ಮೊದಲ ಕೆಲವು ತಿಂಗಳು ಬಾಧೆಯಿರುವುದಿಲ್ಲ. ಆಗ ಅದರ ರಕ್ತದಲ್ಲಿ ಗರ್ಭದಿಂದ ತಂದ ಬೇರೊಂದು ಹೀಮೊಗ್ಲೋಬಿನ್ ಇರುತ್ತದೆ. ಅದರಲ್ಲಿ ಬೀಟಾ ಬದಲು ಗಾಮಾ ಸರಪಳಿ. ಬೀಟಾದ 87ನೆಯ ಸ್ಥಾನದಲ್ಲಿ, ಎಂದರೆ ಮೇಲೆ ಹೇಳಿದ ಗುಳಿಯ ಬಳಿಯಲ್ಲಿಯೇ, ಥ್ರಿಯೊನೀನ್ ಇದ್ದರೆ ಗಾಮಾದಲ್ಲಿ ಅದೇ ಸ್ಥಾನದಲ್ಲಿ ದೊಡ್ಡದಾದ ಗ್ಲುಟಮೀನ್ ಇದೆ. ಅದು ಅಡ್ಡಬಂದು ನಾರು ಬೆಳೆಯದಂತೆ ತಡೆಯುತ್ತದೆ. 2023ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತ ಒಂದು ಚಿಕಿತ್ಸೆಯಲ್ಲಿ, 87ರಲ್ಲಿ ಗ್ಲುಟಮೀನನ್ನಿಟ್ಟ ಬೀಟಾ ಸರಪಳಿಯ ಜೀನನ್ನು ರೋಗಿಯ ರಕ್ತವನ್ನು ಹುಟ್ಟಿಸುವ ಮೂಲಕೋಶಗಳಿಗೆ ಸೇರಿಸುತ್ತಾರೆ. ಅದಕ್ಕೆ ಅಲ್ಲಿ ಇಟ್ಟ ಬೆಲೆ 31 ಲಕ್ಷ ಡಾಲರ್. ನೀಲಗಿರಿಯ ತಪ್ಪಲಿನ ರೋಗಿಗೆ ಸದ್ಯಕ್ಕೆ ಎಟುಕುವುದು ಹೈಡ್ರಾಕ್ಸಿಯೂರಿಯ ಎಂಬ ಅಗ್ಗದ ಔಷಧ. ಅದನ್ನು ಕ್ರಮವಾಗಿ ಸೇವಿಸಿದರೆ ಅನೇಕರಲ್ಲಿ ಗರ್ಭದ ಹೀಮೊಗ್ಲೋಬಿನ್ನಿನ ಅಂಶ ಮತ್ತೆ ಹೆಚ್ಚುತ್ತದೆ. ಅದರೊಡನೆ 87ನೆಯ ಗ್ಲುಟಮೀನೂ ಬಂದು ಸೇರುತ್ತದೆ.