ಮಾತು ಬಂದ ಮೇಲಿನ ಪಾಠಗಳು

ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಿದ ಮಗುವಿನ ಮನೆಗೆ ಬಂದವರೆಲ್ಲ ಕೇಳುವುದು ಒಂದೇ: ‘ಮಾತು ಬಂತಾ?’ ಆಪರೇಷನ್ ಆದ ಹೊಸತರಲ್ಲಿ ನಮ್ಮ ಮನೆಯವರ ಕಾತರವೂ ಅದೇ ಆಗಿತ್ತು. ಮಗಳು ಈಗ ಏಳನೇ ಕ್ಲಾಸು. ಮಾತು ಬಂದಿದೆ, ತಮ್ಮನ ಜೊತೆ ಜಗಳವಾಡಿ ಗೆಲ್ಲುವಷ್ಟು ಬಂದಿದೆ. ಆದರೆ ಮಗು ನೆಮ್ಮದಿಯಾಗಿದೆಯೇ ಎಂದು ತಿಳಿಯಲು ಮಾತೊಂದನ್ನೇ ನೋಡಿದರೆ ಸಾಲದು ಎನ್ನುವುದು ಇಷ್ಟು ವರ್ಷ ಅವಳ ಜೊತೆ ಬಾಳಿ ನನಗೆ ಗೊತ್ತಾಗಿದೆ.

ಮೊದಲು ಈ ಯಂತ್ರದ ಅಳವು ಮನೆಯವರಿಗೆ ತಿಳಿದಿರಬೇಕು. ಸಹಜವಾಗಿ ಕೇಳುವ ಒಳಕಿವಿಯಲ್ಲಿ ಸುಮಾರು 15 ಸಾವಿರ ಕೇಶಕೋಶಗಳಿರುತ್ತವೆ. ಅವುಗಳ ಕೆಲಸವನ್ನು ಇಂಪ್ಲಾಂಟಿನಲ್ಲಿ, ಕಂಪನಿಗೆ ತಕ್ಕಂತೆ, 12ರಿಂದ 22 ಎಲೆಕ್ಟ್ರೋಡುಗಳು ಮಾಡಬೇಕು. ಕಿವಿಯ ಮೇಲಿನ ಪ್ರೊಸೆಸರ್ ಸದ್ದನ್ನು ಹಿಡಿಯುತ್ತದೆ, ತಲೆಗೆ ಅಯಸ್ಕಾಂತದಿಂದ ಅಂಟಿಕೊಳ್ಳುವ ಕಾಯಿಲ್ ಅದನ್ನು ಚರ್ಮದೊಳಕ್ಕೆ ದಾಟಿಸುತ್ತದೆ, ಎಲೆಕ್ಟ್ರೋಡುಗಳು ನೇರವಾಗಿ ನರಕ್ಕೆ ಮುಟ್ಟಿಸುತ್ತವೆ. ಸದ್ದಿಲ್ಲದ ಕೋಣೆಯಲ್ಲಿ ಒಬ್ಬರು ಎದುರು ಕೂತು ಮಾತಾಡಿದರೆ ತೊಂದರೆಯಿಲ್ಲ. ಮಿಕ್ಸಿ ತಿರುಗುತ್ತಿದ್ದರೆ, ಟಿವಿ ಹಾಕಿದ್ದರೆ, ನಾಲ್ಕು ಜನ ಒಟ್ಟಿಗೆ ಬಾಯಿ ಹಾಕಿದರೆ, ಯಾವುದು ಮಾತು, ಯಾವುದು ಗದ್ದಲ ಎಂದು ಬೇರ್ಪಡಿಸುವ ಹೊರೆ ಮಗುವಿನ ಮೇಲೆ ಬೀಳುತ್ತದೆ. ನಮಗೆ ತಾನಾಗಿ ಕೇಳಿಸುವುದನ್ನು ಅವಳು ದುಡಿದು ಕೇಳಿಸಿಕೊಳ್ಳಬೇಕು.

ಸಂಜೆ ಸ್ಕೂಲಿಂದ ಬಂದವಳು ಬ್ಯಾಗು ಎಸೆದು, ಕಾಯಿಲ್ ಕಿತ್ತು, ಯಾರು ಕರೆದರೂ ತಿರುಗದೆ ಕೂರುತ್ತಿದ್ದಳು. ಅವಳ ಅಜ್ಜಿ ಅದನ್ನು ಹಟ ಎನ್ನುತ್ತಿದ್ದರು, ಅದು ದಿನವಿಡೀ ದುಡಿದು ಕೇಳಿಸಿಕೊಂಡ ದಣಿವು. ಎಚ್ಚರವಿರುವಷ್ಟು ಹೊತ್ತೂ ಯಂತ್ರ ಹಾಕಿರಬೇಕು ಎಂದು ಥೆರಪಿಯಲ್ಲಿ ಹೇಳುತ್ತಾರೆ, ಭಾಷೆ ಕಲಿಯುವ ಎಳೆ ವಯಸ್ಸಿಗೆ ಅದು ಸರಿಯೇ. ಭಾಷೆ ಗಟ್ಟಿಯಾದ ಮೇಲೆ ಆಡಿಯಾಲಜಿಸ್ಟರನ್ನು ಕೇಳಿಕೊಂಡು, ಸ್ಕೂಲು ಬಿಟ್ಟ ನಂತರ ಅರ್ಧ ಗಂಟೆ ಯಂತ್ರಕ್ಕೆ ರಜೆ ಕೊಟ್ಟೆವು. ಆಗ ಅವಳನ್ನು ಯಾರೂ ಮಾತಾಡಿಸುವುದಿಲ್ಲ. ಹೋಂವರ್ಕಿನ ರಂಪ ತಾನಾಗಿ ಇಳಿಯಿತು.

ಪ್ರತಿ ಜೂನ್‌ನಲ್ಲಿ ಹೊಸ ಟೀಚರ ಕೈಗೆ ಒಂದು ಚೀಟಿ ಕೊಡುತ್ತೇನೆ. ಇಂಪ್ಲಾಂಟ್ ಇರುವುದು ಬಲಗಿವಿಗೆ ಮಾತ್ರ, ಆದ್ದರಿಂದ ಎಡಗಡೆ ಸಾಲಿನ ಮುಂದಿನ ಬೆಂಚಿನಲ್ಲಿ ಕೂರಿಸಿ. ಬೋರ್ಡಿಗೆ ಮುಖ ಮಾಡಿಕೊಂಡು ಪಾಠ ಹೇಳಬೇಡಿ. ಹಿಂದಿನ ಬೆಂಚಿನವರು ಕೊಟ್ಟ ಉತ್ತರವನ್ನು ನೀವೊಮ್ಮೆ ಹೇಳಿ. ‘ಅರ್ಥವಾಯ್ತಾ’ ಎಂದರೆ ಹೂಂ ಎಂದುಬಿಡುತ್ತಾಳೆ, ‘ನಾನೇನು ಹೇಳಿದೆ ಹೇಳು’ ಎಂದು ಕೇಳಿ.

ಪಾಠಕ್ಕಿಂತ ಕಷ್ಟವಾದದ್ದು ಊಟದ ಬಿಡುವು. ಎಲ್ಲರೂ ನಕ್ಕರೆ ಏನೆಂದು ತಿಳಿಯದೆ ತಾನೂ ನಗುತ್ತಿದ್ದಳು. ಯಂತ್ರದ ದನಿಯನ್ನು ಮಗುವಿಗೆ ಹೊಂದಿಸುವ ಯಾವ ಮ್ಯಾಪಿಂಗೂ ಇದಕ್ಕೆ ಮದ್ದಲ್ಲ. ನಾವು ಇಬ್ಬರು ಗೆಳತಿಯರನ್ನು ಭಾನುವಾರಗಳಲ್ಲಿ ಮನೆಗೆ ಕರೆಯತೊಡಗಿದೆವು. ಈಗ ಗುಂಪಿನಲ್ಲಿ ತಪ್ಪಿಹೋದ ಮಾತನ್ನು ಅವರೇ ಅವಳಿಗೆ ದಾಟಿಸುತ್ತಾರೆ. ‘ಕೇಳಿಸ್ಲಿಲ್ಲ, ಇನ್ನೊಂದ್ ಸಲ ಹೇಳೇ’ ಎನ್ನಲು ನಾಚಿಕೆ ಬಿಟ್ಟುಹೋದದ್ದು ಆ ಸಲಿಗೆಯಲ್ಲೇ.

ಇನ್ನೊಂದು ತೊಡಕು ಖರ್ಚಿನದು. ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಅರ್ಹ ಕುಟುಂಬದ ಪುಟ್ಟ ಮಕ್ಕಳಿಗೆ ಇಂಪ್ಲಾಂಟ್ ಸಿಗುತ್ತದೆ. ವಾರಂಟಿ ಮುಗಿದ ಮೇಲೆ ಕೇಬಲ್ಲು, ಕಾಯಿಲ್ಲು, ಬ್ಯಾಟರಿ ಎಂದು ಕೈಯಿಂದ ಹೋಗುತ್ತಲೇ ಇರುತ್ತದೆ. ಆ ಹೆದರಿಕೆಗೆ ಮಗುವಿಗೆ ಓಡಬೇಡ, ಮಳೆಗೆ ಇಳಿಯಬೇಡ, ಖೋಖೋ ಬೇಡ ಎನ್ನುತ್ತೇವೆ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಸರದಿಗೆ ಕಾಯುತ್ತ ಕೂತಿದ್ದ ಚಾಮರಾಜನಗರದ ಕಡೆಯ ತಾಯಿಯೊಬ್ಬರು ನನಗೊಂದು ಬುದ್ಧಿ ಹೇಳಿದರು: ‘ರಿಪೇರಿಗೇ ಅಂತ ತಿಂಗ್ಳಾ ತಿಂಗ್ಳಾ ಒಸಿ ದುಡ್ ಎತ್ತಿಡಿ ಅಕ್ಕಾ, ಮಗೀನ ಆಡಕ್ ಬುಡಿ.’ ಹಾಗೆಯೇ ಮಾಡಿದೆವು. ತಲೆಗೆ ಪೆಟ್ಟು ಬೀಳುವ ಆಟಗಳನ್ನು ಬಿಟ್ಟು ಮಿಕ್ಕದ್ದೆಲ್ಲ ಆಡುತ್ತಾಳೆ. ಯಂತ್ರ ಬೀಳದಂತೆ ಹೆಡ್‌ಬ್ಯಾಂಡ್, ಬಟ್ಟೆಗೆ ಸಿಕ್ಕಿಸುವ ದಾರ, ರಾತ್ರಿ ಬೆವರಿನ ತೇವ ಹೀರಲು ಒಂದು ಡಬ್ಬಿ, ಇಷ್ಟರಲ್ಲಿ ನಡೆಯುತ್ತಿದೆ.

ಯಂತ್ರ ತೆಗೆದರೆ ಅವಳಿಗೆ ಏನೂ ಕೇಳಿಸುವುದಿಲ್ಲ. ಎಣ್ಣೆಸ್ನಾನದಲ್ಲಿ, ನಡುರಾತ್ರಿ ಜ್ವರ ಬಂದಾಗ, ಬಸ್ಸಿನಲ್ಲಿ ಬ್ಯಾಟರಿ ಮುಗಿದಾಗ ಕೈಸನ್ನೆಯೇ ಗತಿ. ಸನ್ನೆ ಮಾಡಿದರೆ ಮಾತು ಬರುವುದಿಲ್ಲ ಎಂದು ಹೆದರಿಸಿದವರಿದ್ದರು. ನಮ್ಮ ಮನೆಯಲ್ಲಿ ಮಾತೂ ಸನ್ನೆಯೂ ಜೊತೆಗೇ ಬೆಳೆದವು. 2015ರಲ್ಲಿ ದೆಹಲಿಯಲ್ಲಿ ಆರಂಭವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟು ವಿಡಿಯೊಗಳನ್ನು ನೋಡಿ ಅಕ್ಕ ತಮ್ಮ ಇಬ್ಬರೂ ಕಲಿಯುತ್ತಿದ್ದಾರೆ. ಇಂಪ್ಲಾಂಟ್ ಇಲ್ಲದ ಕಿವುಡ ಮಕ್ಕಳ ಸ್ನೇಹವೂ ಅದರಿಂದಲೇ ಅವಳಿಗೆ ದಕ್ಕಿತು.

ಬ್ಯಾಟರಿ ಬದಲಿಸುವುದು, ದನಿ ಸರಿಯಾಗಿಲ್ಲದಿದ್ದರೆ ಮ್ಯಾಪಿಂಗಿಗೆ ಹೋಗೋಣ ಎನ್ನುವುದು ಈಗ ಅವಳ ಪಾಲಿನ ಕೆಲಸ. ಊರಿನ ಜಾತ್ರೆಯಲ್ಲಿ ತಮಟೆ ಜೋರಾದಾಗ ತಾನೇ ಯಂತ್ರ ತೆಗೆದು ಡಬ್ಬಿಗೆ ಹಾಕಿ ತೇರಿನ ಹಿಂದೆ ಹೋದಳು. ನಾನು ತಡೆಯಲಿಲ್ಲ. ಇಂಪ್ಲಾಂಟನ್ನು ಅಪ್ಪ ಅಮ್ಮನ ಒತ್ತಾಯವೆಂದು ತಿಳಿದ ಮಗು ಹದಿಹರೆಯಕ್ಕೆ ಬಂದಾಗ ಅದನ್ನು ಮೂಲೆಗೆ ಹಾಕಿಬಿಡಬಹುದು. ಯಾವಾಗ ಕೇಳಿಸಿಕೊಳ್ಳಬೇಕು, ಯಾವಾಗ ಬೇಡ ಎಂದು ನಿರ್ಧರಿಸುವ ಹಕ್ಕು ಈಗಲೇ ಕೈಗೆ ಬಂದರೆ, ಆ ಯಂತ್ರ ಅವಳದೇ ಆಗಿ ಉಳಿಯುತ್ತದೆ.