ಗೆರೆಯ ಈಚೆ ನಿಂತವರ ಕೈಯಲ್ಲಿ ಎಷ್ಟಿದೆ?

ಪ್ರಶ್ನೆ: ನನಗೆ 48 ವರ್ಷ. ಮನೆ ಮತ್ತಿಕೆರೆಯಲ್ಲಿ, ಕೆಲಸ ಪೀಣ್ಯದಲ್ಲಿ. ಕಾಲೇಜಿನಲ್ಲಿದ್ದಾಗ ವಾಲಿಬಾಲ್ ಆಡುತ್ತಿದ್ದೆ. ಈಗ ಕೆಲವು ವರ್ಷಗಳಿಂದ ಸಂಜೆ ಹೊತ್ತು ನಮ್ಮ ಕಡೆಯ ಹೈಸ್ಕೂಲು ಹೆಣ್ಣುಮಕ್ಕಳಿಗೆ ಆಟ ಹೇಳಿಕೊಡುತ್ತಿದ್ದೇನೆ; ದುಡ್ಡಿಗಲ್ಲ. ಕಳೆದ ತಿಂಗಳು ಯಲಹಂಕದ ಕಡೆ ನಡೆದ ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ಫೈನಲ್ ತನಕ ಹೋದೆವು. ಮೂರನೇ ಸೆಟ್‌ನಲ್ಲಿ 11-7 ಮುಂದಿದ್ದವರು 13-15ಕ್ಕೆ ಸೋತೆವು. ಎದುರಿನ ಒಬ್ಬಳೇ ಹುಡುಗಿ ಸರ್ವಿಸ್‌ನಲ್ಲಿ ಸಾಲಾಗಿ ಐದು ಪಾಯಿಂಟ್ ತೆಗೆದಳು. ಮೊದಲೆರಡು ಸೆಟ್‌ಗಳಲ್ಲೂ ಅವಳದೇ ಕಾಟ. 11-10 ಆದಾಗ ಟೈಮ್‌ಔಟ್ ತೆಗೆದುಕೊಂಡು "ಧೈರ್ಯವಾಗಿ ಆಡಿ" ಅಂದೆ. ಬೆಂಚಿನಲ್ಲಿ ಮೂವರು ಕೂತಿದ್ದರು, ಅವರನ್ನು ಇಳಿಸಲಿಲ್ಲ. ಆ ತಂಡದ ಕೋಚ್ ಗಂಟಲು ಹರಿಯುವಂತೆ ಕೂಗುತ್ತಿದ್ದರು. ರಾತ್ರಿ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ತಂದೆ "ಅವರ ಕೋಚ್ ಆಡಿಸಿ ಗೆಲ್ಲಿಸಿದರು, ನಮ್ಮವರು ಕೈಕಟ್ಟಿ ನೋಡುತ್ತಿದ್ದರು" ಎಂದು ಹಾಕಿದರು. ಅದಕ್ಕಿಂತ ನೋವಾಗಿದ್ದು ನಮ್ಮ ಲಿಫ್ಟರ್ ಹುಡುಗಿ "ಸರ್ ಏನೂ ಹೇಳಲೇ ಇಲ್ಲ" ಅಂದದ್ದು. ಅಂದಿನಿಂದ ನಿದ್ದೆ ಸರಿಯಿಲ್ಲ. ಪಂದ್ಯ ನಡೆಯುವಾಗ ಕೋಚ್ ಕೈಯಲ್ಲಿ ನಿಜವಾಗಿ ಎಷ್ಟಿರುತ್ತದೆ? ನಾನೂ ಕೂಗಬೇಕಿತ್ತೇ? ಇದನ್ನೆಲ್ಲ ಬಿಟ್ಟುಬಿಡಲೇ?
— ಹೆಸರು ಬೇಡ, ಮತ್ತಿಕೆರೆ

ಉತ್ತರ: ಕೂಗಬೇಕಿರಲಿಲ್ಲ. ಆದರೆ ಇಷ್ಟಕ್ಕೇ ಸಮಾಧಾನ ಮಾಡಿಕೊಂಡು ಪತ್ರಿಕೆ ಮಡಚಿಡಬೇಡಿ. ನಿಮ್ಮ ಪತ್ರದಲ್ಲಿ ಆ ತಂದೆಯ ಮಾತಿಗೆ ಕೊಟ್ಟಷ್ಟು ಜಾಗವನ್ನು ಬೆಂಚಿನಲ್ಲಿದ್ದ ಮೂವರಿಗೆ ನೀವು ಕೊಟ್ಟಿಲ್ಲ. ನನಗೆ ಮುಖ್ಯವಾಗಿ ಕಂಡದ್ದು ಆ ಮೂವರು.

ಮೊದಲು ನಿಮ್ಮ ನೇರ ಪ್ರಶ್ನೆಗೆ ಬರೋಣ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪುರುಷರ ತಂಡದ ಕೋಚ್ ಹ್ಯೂ ಮೆಕಚನ್. ಉದ್ಘಾಟನೆಯ ಮರುದಿನ, ಆಗಸ್ಟ್ 9ರಂದು, ಊರು ನೋಡಲು ಹೋಗಿದ್ದ ಅವರ ಅತ್ತೆ ಮಾವನ ಮೇಲೆ ಒಬ್ಬ ಚೂರಿಯಿಂದ ದಾಳಿ ಮಾಡಿದ. ಮಾವ ತೀರಿಕೊಂಡರು, ಅತ್ತೆಗೆ ತೀವ್ರ ಗಾಯ. ಅದರ ಮರುದಿನವೇ ತಂಡದ ಮೊದಲ ಪಂದ್ಯ. ಮೆಕಚನ್ ಹೆಂಡತಿಯ ಜೊತೆ ಉಳಿದರು. ಮೊದಲ ಮೂರು ಪಂದ್ಯಗಳಿಗೆ ಅವರು ಬರಲೇ ಇಲ್ಲ. ಸಹಾಯಕ ರಾನ್ ಲಾರ್ಸನ್ ತಂಡವನ್ನು ನಡೆಸಿದರು. ಮೂರೂ ಪಂದ್ಯ ಗೆದ್ದರು. ಆಮೇಲೆ ಮೆಕಚನ್ ಬಂದರು, ಒಂದೂ ಪಂದ್ಯ ಸೋಲದೆ ಫೈನಲ್‌ನಲ್ಲಿ ಬ್ರೆಜಿಲ್ಲನ್ನು 3-1ರಿಂದ ಸೋಲಿಸಿ ಚಿನ್ನ ತೆಗೆದುಕೊಂಡರು. ಆ ತಂಡದಲ್ಲಿ ನೆಟ್ಟಿನ ನಡುವೆ ಬ್ಲಾಕ್ ಮಾಡುತ್ತಿದ್ದವರಲ್ಲಿ ಡೇವಿಡ್ ಲೀ ಒಬ್ಬರು. ಈ ಹೆಸರು ನಿಮಗೆ ಗೊತ್ತಿರಬೇಕು: ಮುಂದೆ ನಮ್ಮ ಬೆಂಗಳೂರು ಟಾರ್ಪಿಡೋಸ್ ತಂಡದ ಕೋಚ್ ಆದವರು. 2023ರ ಪ್ರೈಮ್ ವಾಲಿಬಾಲ್ ಲೀಗ್ ಫೈನಲ್‌ನಲ್ಲಿ ಅಹಮದಾಬಾದಿಗೆ ಸೋತು, 2025ರಲ್ಲಿ ಕಪ್ ತಂದರು.

ಕೋಚ್ ಗೆರೆಯ ಪಕ್ಕದಲ್ಲಿ ಇಲ್ಲದೆಯೂ ತಂಡ ಒಲಿಂಪಿಕ್ಸ್‌ನಲ್ಲಿ ಗೆಲ್ಲುತ್ತದೆ. ಹಾಗಂತ ಮೆಕಚನ್ ಬೇಕಾಗಿರಲಿಲ್ಲ ಅನ್ನೋಣವೇ? ಅವರು 2005ರಿಂದ ಆ ತಂಡದ ಜೊತೆಗಿದ್ದವರು. ಮೂರು ಪಂದ್ಯಗಳಲ್ಲಿ ಹುಡುಗರು ಆಡಿದ್ದು ಆ ಮೂರು ಚಿಲ್ಲರೆ ವರ್ಷಗಳ ಅಭ್ಯಾಸವನ್ನು. ಪಂಕ್ತಿ ಕೂತ ಮೇಲೆ ಅಡುಗೆಭಟ್ಟರು ಸಾರಿಗೆ ಉಪ್ಪು ಸೇರಿಸಬಹುದು, ಬೇಳೆ ಬೇಯಿಸಲಾಗದು.

ಆದರೆ ಒಮ್ಮೊಮ್ಮೆ ಆ ಉಪ್ಪೇ ಎಲ್ಲ. 2012ರ ಲಂಡನ್ ಫೈನಲ್ ನೆನಪಿಸಿಕೊಳ್ಳಿ. ಬ್ರೆಜಿಲ್ 2-0 ಮುಂದೆ. ರಷ್ಯಾದ ಕೋಚ್ ವ್ಲಾದಿಮಿರ್ ಅಲೆಕ್ನೊ ಮೂರನೇ ಸೆಟ್‌ನಲ್ಲಿ 2.18 ಮೀಟರ್ ಎತ್ತರದ ದ್ಮಿತ್ರಿ ಮುಸೆರ್‌ಸ್ಕಿಯನ್ನು ನಡುವಿನಿಂದ ತೆಗೆದು ಬಲಗಡೆಯ ಮುಖ್ಯ ಅಟ್ಯಾಕರ್ ಜಾಗಕ್ಕೆ ಹಾಕಿದರು, ಆ ಜಾಗದಲ್ಲಿದ್ದ ಮಿಖಾಯ್ಲೊವ್‌ನನ್ನು ಬೇರೆ ಕಡೆ ಕಳಿಸಿದರು. ಬ್ರೆಜಿಲ್‌ಗೆ ಚಿನ್ನದ ಪಾಯಿಂಟೇ ಸಿಕ್ಕಿತ್ತು, ಜಾರಿತು. ಆ ಸೆಟ್ 29-27, ಕೊನೆಗೆ ಪಂದ್ಯ 3-2, ಮುಸೆರ್‌ಸ್ಕಿ ಒಬ್ಬನೇ 31 ಪಾಯಿಂಟ್. ಇನ್ನೊಂದು ಬದಿಯಲ್ಲಿ ನಿಂತಿದ್ದವರು ಬರ್ನಾರ್ಡಿನ್ಯೊ, ಮುಖ ಕೆಂಪೇರಿಸಿಕೊಂಡು ಕೂಗುವುದಕ್ಕೆ ಇಡೀ ವಾಲಿಬಾಲ್ ಜಗತ್ತಿನಲ್ಲೇ ಹೆಸರಾದವರು. ಎರಡು ಒಲಿಂಪಿಕ್ ಚಿನ್ನ ಗೆದ್ದ ಕೋಚ್ ಅವರು, ಸಣ್ಣವರಲ್ಲ. ಆದರೆ ಆ ದಿನ ಪಂದ್ಯವನ್ನು ತಿರುಗಿಸಿದ್ದು ಯಾರನ್ನು ಎಲ್ಲಿ ನಿಲ್ಲಿಸಬೇಕು ಎಂಬ ಒಂದು ನಿರ್ಧಾರ.

ಪಂದ್ಯದ ಹೊತ್ತಿನಲ್ಲಿ ಕೋಚ್ ಪಾಲು ಚಿಕ್ಕದು, ಆದರೆ ಅದು ಬೆರಳು ಮಾಡಿ ತೋರಿಸಬಹುದಾದ ಕೆಲವೇ ಗಳಿಗೆಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಉಳಿದ ಹೊತ್ತು ನೀವು ಕೈಕಟ್ಟಿ ನಿಂತರೂ ನಡೆಯುತ್ತದೆ, ಕುಣಿದರೂ ನಡೆಯುತ್ತದೆ. ನಿಯಮವೇ ಹಾಗಿದೆ: ಸೆಟ್ಟಿಗೆ 30 ಸೆಕೆಂಡಿನ ಎರಡು ಟೈಮ್‌ಔಟ್, ಆರು ಬದಲಾವಣೆ, ಸೆಟ್ ಶುರುವಾಗುವ ಮುಂಚೆ ಸಹಿ ಹಾಕಿ ಕೊಡುವ ಲೈನ್‌ಅಪ್ ಚೀಟಿ. ಹಿಂದೆ ಕೋಚ್ ಬೆಂಚು ಬಿಟ್ಟು ಏಳುವಂತೆಯೂ ಇರಲಿಲ್ಲ. ಈಗ ಬೆಂಚಿನ ಮುಂದೆ ಅಡ್ಡಾಡುತ್ತ ಹೇಳಿಕೊಡಬಹುದು, ಆಟಕ್ಕೆ ಅಡ್ಡಿಯಾಗದಂತೆ. ಆ ತಂದೆಗೆ "ಕೋಚ್ ಅಂದರೆ ಕೂಗುವವರು" ಅನ್ನಿಸಿರುವುದು ಇತ್ತೀಚೆಗೆ ಟಿವಿಯಲ್ಲಿ ಕಂಡ ದೃಶ್ಯದಿಂದ ಇರಬಹುದು.

ಟೈಮ್‌ಔಟ್, ಬದಲಾವಣೆ, ಚೀಟಿ, ಈ ಮೂರರಲ್ಲಿ ಜನ ಹೆಚ್ಚು ನಂಬುವುದು ಟೈಮ್‌ಔಟನ್ನು. ನನಗೆ ಅದರ ಮೇಲೆ ಅಷ್ಟು ಭಕ್ತಿಯಿಲ್ಲ. ದೊಡ್ಡವರ ಆಟದಲ್ಲಿ ಸರ್ವಿಸ್ ತೆಗೆದುಕೊಳ್ಳುವ ತಂಡವೇ ಅರ್ಧಕ್ಕಿಂತ ಹೆಚ್ಚು ಸಲ ರ‍್ಯಾಲಿ ಗೆಲ್ಲುತ್ತದೆ. ಒಳ್ಳೆಯ ಪಾಸ್, ಒಳ್ಳೆಯ ಲಿಫ್ಟ್, ಹೊಡೆತ, ಮುಗಿಯಿತು. ಎದುರಾಳಿ ಸಾಲಾಗಿ ಮೂರು ಪಾಯಿಂಟ್ ತೆಗೆದಾಗ ಕೋಚ್ ಟೈಮ್‌ಔಟ್ ಕೇಳುತ್ತಾರೆ, ಮುಂದಿನ ಪಾಯಿಂಟ್ ಇವರಿಗೆ ಬರುತ್ತದೆ, ಕಾಮೆಂಟರಿಯವರು "ಅದ್ಭುತ ಟೈಮ್‌ಔಟ್" ಅನ್ನುತ್ತಾರೆ. ಕೇಳದೇ ಇದ್ದಿದ್ದರೂ ಬಹುಪಾಲು ಬರುತ್ತಿತ್ತು.

ಹೈಸ್ಕೂಲು ಮಕ್ಕಳ ಆಟದಲ್ಲಿ ಈ ಲೆಕ್ಕ ತಲೆಕೆಳಗು. ಅಲ್ಲಿ ಇನ್ನೂ ರಿಸೀವ್ ಗಟ್ಟಿಯಾಗಿರುವುದಿಲ್ಲ. ಚೆನ್ನಾಗಿ ಸರ್ವಿಸ್ ಮಾಡುವ ಒಬ್ಬ ಹುಡುಗಿ ಸಿಕ್ಕರೆ ಅವಳೇ ಸೆಟ್ ತಿಂದು ಹಾಕುತ್ತಾಳೆ. ನೀವು ಕಾಲೇಜಿನಲ್ಲಿ ಆಡುತ್ತಿದ್ದ ಕಾಲದಲ್ಲಿ, ಕೊನೆಯ ನಿರ್ಣಾಯಕ ಸೆಟ್ ಬಿಟ್ಟರೆ, ಸರ್ವಿಸ್ ನಮ್ಮದಾಗಿದ್ದರೆ ಮಾತ್ರ ಪಾಯಿಂಟು. ಅಂಥ ಸೆಟ್‌ನಲ್ಲಿ 11-7 ಮುಂದಿದ್ದವರಿಗೆ ಸುಧಾರಿಸಿಕೊಳ್ಳಲು ಸಮಯವಿರುತ್ತಿತ್ತು. ಈಗ ಪ್ರತಿ ರ‍್ಯಾಲಿಗೂ ಪಾಯಿಂಟ್, ಅದರಲ್ಲೂ ಕೊನೆಯ ಸೆಟ್ 15ಕ್ಕೆ. ಐದು ಸರ್ವಿಸ್ ಅಂದರೆ ಸೆಟ್ಟಿನ ಮೂರನೇ ಒಂದು ಪಾಲು. ನಿಮ್ಮ ಕಾಲದ ತಾಳ್ಮೆ ಈಗಿನ ಲೆಕ್ಕಕ್ಕೆ ತುಸು ದುಬಾರಿ ಅಂತ ನನ್ನ ಅನುಮಾನ. ಚೆನ್ನಾಗಿ ಆಡಿ ಬಂದವರಲ್ಲಿ ಇದು ಸಾಮಾನ್ಯ: "ಇನ್ನೊಂದು ಬಾಲ್ ನೋಡೋಣ, ಮಕ್ಕಳೇ ಸಂಭಾಳಿಸುತ್ತಾರೆ" ಅನ್ನಿಸುತ್ತದೆ. ಮಕ್ಕಳ ಪಂದ್ಯದಲ್ಲಿ ಒಬ್ಬಳದೇ ಸರ್ವಿಸ್‌ಗೆ ಎರಡು ಪಾಸ್ ಕೆಟ್ಟವು ಅಂದರೆ ಅದೇ ಗಳಿಗೆ. 11-9ಕ್ಕೆ ಆಟ ನಿಲ್ಲಿಸಬೇಕಿತ್ತು.

ನಿಲ್ಲಿಸುವುದಕ್ಕೆ ಟೈಮ್‌ಔಟೇ ಬೇಕೆಂದಿಲ್ಲ, ಬೆಂಚಿನ ಮೂವರು ಬರುವುದು ಇಲ್ಲಿ. ಹಿಂದಿನ ಸಾಲಿನಲ್ಲಿ ಯಾರಿಗೆ ಕೈ ನಡುಗುತ್ತಿತ್ತೋ ಅವಳನ್ನು ಕರೆದು ಇನ್ನೊಬ್ಬಳನ್ನು ಇಳಿಸಿದ್ದರೆ, ಸರ್ವಿಸ್ ಮಾಡುವವಳ ಲಯ ಕೆಲವು ಸೆಕೆಂಡ್ ತುಂಡಾಗುತ್ತಿತ್ತು, ಹೊಸಬಳ ಕೈಗೆ ಆ ಭಯ ಇನ್ನೂ ಅಂಟಿರುವುದಿಲ್ಲ, ನಿಮ್ಮ ಟೈಮ್‌ಔಟ್ ಉಳಿಯುತ್ತಿತ್ತು. ಹೊರಗೆ ಬಂದವಳು ಅದೇ ಸೆಟ್‌ನಲ್ಲಿ ಒಮ್ಮೆ ತನ್ನ ಜಾಗಕ್ಕೇ ಮರಳಬಹುದು. ಇದು ಶಿಕ್ಷೆಯಲ್ಲ ಎಂದು ಅಭ್ಯಾಸದಲ್ಲೇ ಹೇಳಿಟ್ಟಿರಬೇಕು, ಇಲ್ಲವಾದರೆ ಅವಳು ಅಳುತ್ತ ಕೂರುತ್ತಾಳೆ. ಅಥವಾ ಇನ್ನೂ ಸುಲಭ: ಮೂವರು ರಿಸೀವ್ ಮಾಡುತ್ತಿದ್ದರೆ ಐವರನ್ನು ಡಬ್ಲ್ಯೂ ಆಕಾರದಲ್ಲಿ ನಿಲ್ಲಿಸಿ, ಲಿಫ್ಟರ್ ಮಾತ್ರ ನೆಟ್ಟಿನ ಹತ್ತಿರ. ಹಳೇ ಕಾಲದ ನಿಲುವು ಎಂದು ಯಾರಾದರೂ ನಕ್ಕರೆ ನಗಲಿ.

ಇನ್ನೊಂದು ಸಂಗತಿ ನಿಮಗೆ ಗೊತ್ತಿದ್ದೇ ಇರುತ್ತದೆ, ಆದರೆ ಸೋಲಿನ ನೋವಿನಲ್ಲಿ ಮರೆತಿದ್ದೀರಿ. ಸರ್ವಿಸ್ ಗೆದ್ದಾಗ ನಾವು ಒಂದು ಜಾಗ ತಿರುಗುತ್ತೇವೆ, ಅವರು ಗೆದ್ದಾಗ ಅವರು ತಿರುಗುತ್ತಾರೆ. ಎರಡೂ ಕಡೆ ಸರದಿಯಂತೆ ತಿರುಗುವುದರಿಂದ ಸೆಟ್ ಶುರುವಾದಾಗಿನ ಜೋಡಿ ಸೆಟ್ ಮುಗಿಯುವವರೆಗೂ ಕದಲುವುದಿಲ್ಲ. ಅಂದರೆ ಆ ಹುಡುಗಿ ಸರ್ವಿಸ್‌ಗೆ ಬಂದಾಗಲೆಲ್ಲ ಎದುರಿಗೆ ನಿಮ್ಮ ಅದೇ ಮೂವರು ಹಿಂದೆ, ಅದೇ ಮೂವರು ಮುಂದೆ. ಎರಡು ಸೆಟ್ ಅವಳನ್ನು ನೋಡಿದ್ದೀರಿ. ಮೂರನೆಯದರ ಚೀಟಿ ಬರೆಯುವಾಗ ನಿಮ್ಮ ಒಳ್ಳೆಯ ರಿಸೀವರ್‌ಗಳು ಅವಳ ಸರದಿಗೆ ಹಿಂದಿನ ಸಾಲಿನಲ್ಲಿರುವಂತೆ ಒಂದೆರಡು ಜಾಗ ತಿರುಗಿಸಿ ನೋಡಬಹುದಿತ್ತು. ಎದುರಾಳಿ ಕೋಚೂ ಬದಲಾಯಿಸಿದರೆ ಲೆಕ್ಕ ತಪ್ಪುತ್ತದೆ, ನಿಜ. ಹೈಸ್ಕೂಲು ಮಟ್ಟದಲ್ಲಿ ಬಹಳ ಜನ ಬದಲಾಯಿಸುವುದಿಲ್ಲ. ಪಂದ್ಯದ ಮೇಲೆ ಕೋಚ್ ಬೀರುವ ಪ್ರಭಾವದಲ್ಲಿ ಅತ್ಯಂತ ದೊಡ್ಡದು ಈ ಸಣ್ಣ ಚೀಟಿ ಎಂದು ನನ್ನ ಅಭಿಪ್ರಾಯ. ಅದನ್ನು ಬರೆಯುವುದು ಗ್ಯಾಲರಿಯಲ್ಲಿ ಕೂತ ಯಾರಿಗೂ ಕಾಣುವುದಿಲ್ಲ, ವಾಟ್ಸಾಪ್ ಗುಂಪಿನಲ್ಲಿ ಯಾರೂ ಹೊಗಳುವುದಿಲ್ಲ.

ಕೂಗುವ ವಿಚಾರ. ಬಾಲ್ ಗಾಳಿಯಲ್ಲಿದ್ದಾಗ ಬಂದ ಸಲಹೆ ಕೇಳಿಸುವಷ್ಟರಲ್ಲಿ ಬಾಲ್ ನೆಲದಲ್ಲಿರುತ್ತದೆ. ಸರ್ವಿಸ್ ಈ ತುದಿಯಿಂದ ಆ ತುದಿಗೆ 18 ಮೀಟರ್. ಅಷ್ಟರಲ್ಲಿ ಹದಿನಾಲ್ಕರ ಹುಡುಗಿ ಬಾಲ್ ನೋಡಬೇಕೇ, ನಿಮ್ಮನ್ನು ಕೇಳಬೇಕೇ? ಸದಾ ಕೂಗುವ ಕೋಚ್‌ಗಳ ತಂಡದಲ್ಲಿ ಒಂದು ಲಕ್ಷಣ ಗಮನಿಸಿ: ತಪ್ಪಾದ ತಕ್ಷಣ ಮಕ್ಕಳ ಕತ್ತು ಬೆಂಚಿನ ಕಡೆ ತಿರುಗುತ್ತದೆ. ಪಕ್ಕದವಳ ಮುಖ ನೋಡಿ "ನಂದು, ನಂದು" ಎಂದು ಹೇಳಿಕೊಳ್ಳಬೇಕಾದವರು ಅಪ್ಪಣೆಗೆ ಕಾಯುತ್ತಾರೆ. ಆ ತಂಡ ಅವತ್ತು ಗೆದ್ದದ್ದು ಆ ಹುಡುಗಿಯ ತೋಳಿನಿಂದ. ಅವಳಿಗೆ ಆ ಸರ್ವಿಸ್ ಕಲಿಸಿದ್ದರೆ ಅದು ಆ ಕೋಚ್‌ಗೆ ಸಲ್ಲಬೇಕಾದ ಹೊಗಳಿಕೆ, ಗಂಟಲಿಗಲ್ಲ.

ಆದರೆ ಲಿಫ್ಟರ್ ಹೇಳಿದ ಮಾತನ್ನು ಆ ತಂದೆಯ ಮಾತಿನ ಜೊತೆ ಒಂದೇ ಚೀಲಕ್ಕೆ ಹಾಕಬೇಡಿ. ಲಿಫ್ಟರ್ ಪ್ರತಿ ರ‍್ಯಾಲಿಯಲ್ಲೂ ನಿರ್ಧಾರ ಮಾಡುವವಳು. ಪಾಸ್ ಕೆಟ್ಟು ಬಂದಾಗ ಓಡಿ ಹೋಗಿ ಎತ್ತುವವಳೂ ಅವಳೇ, ಕೊನೆಗೆ ತಪ್ಪು ತನ್ನದೇ ಅಂದುಕೊಳ್ಳುವವಳೂ ಅವಳೇ. "ಧೈರ್ಯವಾಗಿ ಆಡಿ" ಅನ್ನುವುದು ಅವಳ ಕಿವಿಗೆ "ನೀವು ಹೆದರಿದ್ದೀರಿ" ಎಂದು ಕೇಳಿಸಿರಬಹುದು. ಆ 30 ಸೆಕೆಂಡಿನಲ್ಲಿ ಅವಳಿಗೆ ಬೇಕಾಗಿದ್ದು ಮಾಡಲು ಒಂದು ಕೆಲಸ: "ಪಾಸ್ ಎಲ್ಲೇ ಹೋಗಲಿ, ಎತ್ತರಕ್ಕೆ ಎತ್ತಿ ಎಡಗಡೆಗೇ ಕೊಡು, ಹೊಡೆಯುವುದು ಅವಳ ಜವಾಬ್ದಾರಿ." ಒಂದು ವಾಕ್ಯ, ಒಬ್ಬಳ ಹೆಸರು ಹಿಡಿದು. ಉಳಿದವರು ನೀರು ಕುಡಿಯಲಿ. ಟೈಮ್‌ಔಟ್‌ಗೆ ಅಷ್ಟು ಭಕ್ತಿಯಿಲ್ಲ ಎಂದು ಮೇಲೆ ಹೇಳಿದೆ. ಇರುವಷ್ಟು ಬೆಲೆ ಇಲ್ಲಿದೆ.

ಈ ವಾರ ಅಭ್ಯಾಸ ಮುಗಿದ ಮೇಲೆ ಅವಳನ್ನು ಕೇಳಿ, ಬೇರೆಯವರ ಎದುರಿಗಲ್ಲ: "ಅವತ್ತು ನಾನು ಏನು ಹೇಳಬೇಕಿತ್ತು ಅನ್ನಿಸುತ್ತದಮ್ಮಾ?" ಉತ್ತರ ಬಂದಾಗ ಸಮಜಾಯಿಷಿ ಕೊಡಬೇಡಿ. ಅವಳು "ಗೊತ್ತಿಲ್ಲ ಸರ್" ಅಂದರೂ ಪರವಾಗಿಲ್ಲ, ಕೇಳಿದ್ದು ಅವಳಿಗೆ ನೆನಪಿರುತ್ತದೆ. ಆಮೇಲೆ ಇಬ್ಬರೂ ಸೇರಿ ಎರಡು ಮೂರು ಕೈಸನ್ನೆ ಗೊತ್ತುಮಾಡಿಕೊಳ್ಳಿ. ನೀವು ಗೆರೆಯ ಪಕ್ಕ ಸುಮ್ಮನೆ ನಿಂತಿದ್ದರೂ ಅವಳಿಗೆ ನೀವು ಇದ್ದೀರಿ ಎಂದು ತಿಳಿಯುತ್ತದೆ. ನಿಮ್ಮ ಶಾಂತ ಸ್ವಭಾವ ಬಿಡುವುದು ಬೇಡ; ಶಾಂತವಾಗಿರುವುದಕ್ಕೂ ಅಲ್ಲಿ ಇಲ್ಲದಿರುವುದಕ್ಕೂ ಹುಡುಗಿಯ ಕಣ್ಣಿಗೆ ವ್ಯತ್ಯಾಸ ಕಾಣುವಂತೆ ಮಾಡಿದರೆ ಸಾಕು.

ಆ ತಂದೆಗೆ ಗುಂಪಿನಲ್ಲಿ ಉತ್ತರ ಬರೆಯಬೇಡಿ, ಅದರಲ್ಲೂ ರಾತ್ರಿ ಹತ್ತರ ಮೇಲೆ. ಮುಂದಿನ ಪಂದ್ಯಕ್ಕೆ ಅವರನ್ನು ಬೆಂಚಿನ ಹಿಂದೆ ಕೂರಿಸಿ ಒಂದು ನೋಟ್‌ಬುಕ್ ಕೊಡಿ. ಎದುರಾಳಿಯ ಪ್ರತಿ ಸರ್ವಿಸ್‌ಗೆ ನಮ್ಮವರಲ್ಲಿ ಯಾರು ಪಾಸ್ ಮಾಡಿದರು, ಅದು ಲಿಫ್ಟರ್ ಕೈಗೆ ಬಂತೇ ಇಲ್ಲವೇ, ಇಷ್ಟೇ ಗುರುತು ಹಾಕಲಿ. ನಿಮಗೆ ಮುಂದಿನ ಸೆಟ್ಟಿನ ಚೀಟಿ ಬರೆಯಲು ನಿಜವಾಗಿಯೂ ಬೇಕಾದ ಮಾಹಿತಿ ಅದು. ಎರಡು ಸೆಟ್ ಬರೆದ ಮೇಲೂ ಅವರಿಗೆ ಸೋಲು ಗೆಲುವು ಕೂಗಿನಿಂದಲೇ ಅನ್ನಿಸಿದರೆ, ಅವರ ಪಾಡಿಗೆ ಅವರನ್ನು ಬಿಡಿ.

ನಿದ್ದೆಯ ಬಗ್ಗೆ ಒಂದು ಮಾತು. ರಾತ್ರಿ ಆ ಐದು ಸರ್ವಿಸ್ ಮತ್ತೆ ಮತ್ತೆ ಕಣ್ಣಮುಂದೆ ಬರುತ್ತಿದ್ದರೆ ಎದ್ದು ಕಾಗದದ ಮೇಲೆ ಬರೆಯಿರಿ: ಯಾವ ಸ್ಕೋರಿನಲ್ಲಿ ಯಾರು ಎಲ್ಲಿದ್ದರು, ನೀವು ಏನು ಮಾಡಬಹುದಿತ್ತು. ತಲೆಯಲ್ಲಿ ಸುತ್ತುವಾಗ ಅದು ಅವಮಾನದಂತೆ ಕಾಣುತ್ತದೆ, ಕಾಗದಕ್ಕೆ ಬಂದರೆ ರಿಸೀವ್ ಸಮಸ್ಯೆ ಆಗುತ್ತದೆ. ಇನ್ನೂ ಎರಡು ಮೂರು ವಾರ ನಿದ್ದೆ ಹೀಗೇ ಕೆಟ್ಟರೆ ವೈದ್ಯರನ್ನು ಕಾಣಿ. ಆಗ ಕಾರಣ ವಾಲಿಬಾಲ್ ಒಂದೇ ಆಗಿರಲಾರದು.

ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ಬಿಡುವ ಹಕ್ಕು ನಿಮಗಿದೆ, ಸಂಬಳವಿಲ್ಲದೆ ಸಂಜೆಗಳನ್ನು ಕೊಟ್ಟವರು ನೀವು. ಸೋತ ತಿಂಗಳಲ್ಲಿ ಮಾತ್ರ ಬೇಡ. ಹತ್ತನೇ ಕ್ಲಾಸಿನ ಮಕ್ಕಳು ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹತ್ತಿರ ಬಂದಾಗ ಹೇಗೂ ಅಂಕಣ ಬಿಡುತ್ತಾರೆ, ತಂಡ ಹೊಸದಾಗಿ ಕಟ್ಟಬೇಕಾಗುತ್ತದೆ. ಆಗ ಯೋಚಿಸಿ, ನಿಮ್ಮ ಜಾಗಕ್ಕೆ ಯಾರನ್ನು ತರಬಹುದೆಂದೂ ಆಗಲೇ ನೋಡಿ. ಅಲ್ಲಿಯವರೆಗೆ ವಾರದಲ್ಲಿ ಒಂದು ಸಂಜೆ ಬರೀ ರಿಸೀವ್ ಮಾಡಿಸಿ, ಬೆಂಚಿನ ಆ ಮೂವರಿಂದಲೇ ಶುರುಮಾಡಿ.