ಅಂಗಳದಲ್ಲೇ ಕ್ಯಾಟಲಿಟಿಕ್ ಕನ್ವರ್ಟರ್ ಬದಲಾವಣೆ: ಗುಬ್ಬಿಯಲ್ಲಿ ಕಲಿತ ಪಾಠ

ಗುಬ್ಬಿಯಲ್ಲಿರುವ ನಮ್ಮ ಗೆಳೆಯನ ಮನೆಯ ಕಾರು ಬಿಎಸ್-4 ಕಾಲದ ಪೆಟ್ರೋಲ್ ಗಾಡಿ. ಅವನ ಅಪ್ಪ ವಾರಕ್ಕೆ ನಾಲ್ಕೈದು ಸಲ ಅದರಲ್ಲೇ ತುಮಕೂರಿಗೆ ಬಂದು ಹೋಗ್ತಾರೆ. ಕಳೆದ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಗಾಡಿ ಏರು ಹತ್ತುವಾಗ ಏದುಸಿರು ಬಿಡತೊಡಗಿತು. ಎಂಜಿನ್ ಲೈಟು ಆರಲೇ ಇಲ್ಲ. ಎಮಿಷನ್ ಟೆಸ್ಟಿಗೆ ಹೋದರೆ ಫೇಲ್.

ಗ್ಯಾರೇಜಿನವರು ನೋಡಿ ಹೇಳಿದ್ದು ಇಷ್ಟು: "ನೋಡ್ರಪ್ಪ, ಒಳಗಿನ ಜೇನುಗೂಡು ಕಟ್ಕೊಂಡಿದೆ. ಅದನ್ನ ಒಡೆದು ತೆಗೆದ್ಬಿಡ್ತೀನಿ, ಖಾಲಿ ಡಬ್ಬ ವಾಪಸ್ ಹಾಕ್ತೀನಿ. ಪಿಕಪ್ ಚೆನ್ನಾಗಿ ಬರುತ್ತೆ. ಹಳೇ ಮಾಲಿಗೆ ನಾನೇ ದುಡ್ಡು ಕೊಡ್ತೀನಿ." ಹೊಸದು ಹಾಕಿದರೆ ನಮ್ಮ ಅರ್ಧ ವರ್ಷದ ಮೆಸ್ ಬಿಲ್ಲಿನಷ್ಟು ಖರ್ಚು. ಒಡೆಸಿದರೆ ಖರ್ಚಿರಲಿ, ಕೈಗೇ ಕಾಸು. ಅಂಕಲ್ ನಮ್ಮ ಕಡೆ ತಿರುಗಿ, "ಎಂಜಿನಿಯರಿಂಗ್ ಓದ್ತಿರೋರು ನೀವು, ಏನ್ ಮಾಡೋಣ ಹೇಳಿ" ಅಂದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾವು ಮಾಡಿದ ಕೆಲಸವೇ ಈ ಲೇಖನ.

ಒಳಗೆ ಏನಿದೆ?

ಸ್ಟೀಲ್ ಡಬ್ಬದೊಳಗೆ ಕಾರ್ಡಿಯರೈಟ್ ಎಂಬ ಪಿಂಗಾಣಿಯ ಜೇನುಗೂಡು. ಸಾಮಾನ್ಯವಾಗಿ ಒಂದು ಚದರ ಇಂಚಿಗೆ 400 ರಂಧ್ರ. ರಂಧ್ರಗಳ ಗೋಡೆಗೆ ಅಲ್ಯೂಮಿನಾ ಲೇಪನ, ಅದರ ಮೇಲೆ ಕೆಲವೇ ಗ್ರಾಂ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ. ರೋಡಿಯಂ ನೈಟ್ರೋಜನ್ ಆಕ್ಸೈಡನ್ನು ಒಡೆದು ನೈಟ್ರೋಜನ್ ಮಾಡುತ್ತದೆ. ಉಳಿದೆರಡು ಕಾರ್ಬನ್ ಮೊನಾಕ್ಸೈಡನ್ನೂ ಸುಡದೆ ಉಳಿದ ಹೈಡ್ರೋಕಾರ್ಬನ್ನನ್ನೂ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾಗಿಸುತ್ತವೆ. ಈ ಮೂರೂ ಕೆಲಸ ಒಟ್ಟಿಗೆ ಆಗಬೇಕಾದರೆ ಗಾಳಿ-ಪೆಟ್ರೋಲ್ ಅನುಪಾತ 14.7ಕ್ಕೆ 1ರ ಆಸುಪಾಸಿನಲ್ಲೇ ಇರಬೇಕು. ಅದನ್ನು ಕಾಯುವುದು ಆಕ್ಸಿಜನ್ ಸೆನ್ಸರ್ ಮತ್ತು ಇಸಿಯು. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿಯಾದ ಮೇಲಷ್ಟೇ ಕನ್ವರ್ಟರ್ ಕೆಲಸಕ್ಕೆ ಇಳಿಯುತ್ತದೆ.

ಇದಕ್ಕೆ ದೊಡ್ಡ ಶತ್ರು ಸೀಸ. ನಮ್ಮ ದೇಶದಲ್ಲಿ 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾದಾಗ ಅಲ್ಲಿಗೆ ಸೀಸರಹಿತ ಪೆಟ್ರೋಲೂ ಜೊತೆಗೇ ಬಂತು. ಇಡೀ ದೇಶಕ್ಕೆ ಅದು ಸಿಕ್ಕಿದ್ದು 2000ದಲ್ಲಿ.

ಮೊದಲು ರೋಗ, ಆಮೇಲೆ ಮದ್ದು

ಕನ್ವರ್ಟರ್ ತಾನಾಗಿ ಸಾಯುವುದು ಅಪರೂಪ, ಬಹಳ ಸಲ ಬೇರೆ ಯಾವುದೋ ದೋಷ ಅದನ್ನು ಕೊಲ್ಲುತ್ತದೆ. ಇದೇ ಈ ಲೇಖನದ ಮುಖ್ಯ ಮಾತು.

ಓಬಿಡಿ ಸ್ಕ್ಯಾನರ್ ಹಾಕಿದಾಗ ಎರಡು ಕೋಡ್ ಬಂದವು: ಪಿ 0420 ಮತ್ತು ಪಿ 0302. ಮೊದಲನೆಯದರ ಅರ್ಥ ಕನ್ವರ್ಟರಿನ ದಕ್ಷತೆ ಕುಸಿದಿದೆ ಎಂದು. ನಾವು ಅದನ್ನೇ ಹಿಡಿದುಕೊಂಡು ಹೊಸದಕ್ಕೆ ಆರ್ಡರ್ ಹಾಕುವವರಿದ್ದೆವು. ಆದರೆ ಎರಡನೆಯದು ಎರಡನೇ ಸಿಲಿಂಡರಿನ ಮಿಸ್‌ಫೈರ್. ಒಂದು ಮತ್ತು ಎರಡನೇ ಸಿಲಿಂಡರಿನ ಇಗ್ನಿಷನ್ ಕಾಯಿಲ್‌ಗಳನ್ನು ಅದಲುಬದಲು ಮಾಡಿ ಓಡಿಸಿದೆವು. ಕೋಡ್ ಪಿ 0301 ಆಯಿತು. ಅಂದರೆ ತಪ್ಪು ಕಾಯಿಲ್‌ನದು. ಅಲ್ಲಿ ಉರಿಯದ ಪೆಟ್ರೋಲ್ ನೇರವಾಗಿ ಕನ್ವರ್ಟರಿಗೆ ಹೋಗಿ ಅಲ್ಲೇ ಉರಿದು, ಜೇನುಗೂಡನ್ನೇ ಕರಗಿಸಿತ್ತು. ಕಾಯಿಲ್ ಬದಲಿಸದೆ ಹೊಸ ಕನ್ವರ್ಟರ್ ಹಾಕಿದ್ದರೆ ಅದಕ್ಕೂ ಇದೇ ಗತಿ. ಎಂಜಿನ್ ಆಯಿಲ್ ಕುಡಿಯುತ್ತಿದ್ದರೂ ಹಾಗೇ: ಆಯಿಲ್‌ನಲ್ಲಿರುವ ರಂಜಕ ಲೋಹದ ಮೇಲೆ ಪದರ ಕಟ್ಟುತ್ತದೆ.

ಹೊಸ ಕಾಯಿಲ್ ಹಾಕಿದ ಮೇಲೂ ಎಳೆತ ಬರಲಿಲ್ಲ. ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ಜಾಗಕ್ಕೆ ಪ್ರೆಶರ್ ಗೇಜ್ ಕೂರಿಸಿದೆವು. ಸರಿಯಿರುವ ಗಾಡಿಯಲ್ಲಿ ಐಡಲ್‌ನಲ್ಲಿ ಸುಮಾರು 1.5 ಪಿಎಸ್‌ಐ ಒಳಗೆ, 2,500 ಆರ್‌ಪಿಎಂನಲ್ಲಿ 3ರ ಒಳಗೆ ಇರಬೇಕು. ನಮ್ಮದು 5 ದಾಟಿತು. ಡಬ್ಬಕ್ಕೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ಒಳಗೆ ಗಲಗಲ ಸದ್ದು. ಈಗ ಅನುಮಾನವಿಲ್ಲ.

ಮನೆಯಲ್ಲಿ ಆಗುತ್ತಾ?

ಎಲ್ಲಾ ಗಾಡಿಗೂ ಆಗಲ್ಲ. ಗಾಡಿಯ ಹೊಟ್ಟೆ ಕೆಳಗೆ ಎರಡೂ ಕಡೆ ಫ್ಲೇಂಜ್-ಬೋಲ್ಟ್ ಇರುವ ಕನ್ವರ್ಟರ್ ಆದರೆ ಮನೆಯಲ್ಲಿ ಮಾಡಬಹುದು. ಮ್ಯಾನಿಫೋಲ್ಡಿಗೇ ಸೇರಿಕೊಂಡಿದ್ದರೆ ಕಷ್ಟ. ವೆಲ್ಡ್ ಮಾಡಿದ್ದರೆ ವೆಲ್ಡಿಂಗ್ ಶಾಪ್‌ಗೇ ಹೋಗಿ. ಬೈಕುಗಳಲ್ಲಿ ಸಾಮಾನ್ಯವಾಗಿ ಸೈಲೆನ್ಸರ್ ಒಳಗೇ ಇರುವುದರಿಂದ ಇಡೀ ಸೈಲೆನ್ಸರ್ ಬದಲಿಸಬೇಕಾಗುತ್ತದೆ. ನಿಮ್ಮದೇ ಮಾಡೆಲ್ಲಿಗೆ, ನಿಮ್ಮದೇ ಬಿಎಸ್ ಹಂತಕ್ಕೆ ಹೊಂದುವ ಭಾಗವನ್ನೇ ತನ್ನಿ.

ಬಿಚ್ಚುವುದು

1. ಗಾಡಿ ರಾತ್ರಿಯಿಡೀ ತಣ್ಣಗಾಗಲಿ. ಕನ್ವರ್ಟರ್ ಗಂಟೆಗಟ್ಟಲೆ ಬಿಸಿ ಹಿಡಿದಿರುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ.

2. ಚಕ್ರಕ್ಕೆ ಅಡೆ ಕೊಡಿ, ಜಾಕಿ ಹಾಕಿ ಎತ್ತಿ, ಎರಡು ಆಕ್ಸಲ್ ಸ್ಟ್ಯಾಂಡ್ ಮೇಲೆ ಕೂರಿಸಿ. ಇಟ್ಟಿಗೆ, ಕಲ್ಲು ಬೇಡವೇ ಬೇಡ. ನಮ್ಮ ಅಂಗಳ ಮಣ್ಣಿನದು, ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ನಾವು ಬೋಲ್ಟ್ ಎಳೆಯುತ್ತಿದ್ದಾಗ ಜಾಕಿ ಸದ್ದಿಲ್ಲದೆ ಒಂದು ಕಡೆ ಹೂತುಹೋಯಿತು. ಸ್ಟ್ಯಾಂಡ್‌ಗಳ ಕೆಳಗೆ ದಪ್ಪ ಹಲಗೆ ಹಾಕಿದ್ದರಿಂದ ಅವು ಕದಲಲಿಲ್ಲ. ಆಗ ನಮ್ಮಲ್ಲೊಬ್ಬ ಗಾಡಿ ಕೆಳಗೇ ಮಲಗಿದ್ದ. ಐದು ನಿಮಿಷ ಯಾರೂ ಮಾತಾಡಲಿಲ್ಲ. ಸಾಧ್ಯವಿದ್ದರೆ ಕಾಂಕ್ರೀಟ್ ನೆಲದ ಮೇಲೇ ಮಾಡಿ. ಒಬ್ಬರೇ ಅಂತೂ ಮಾಡಬೇಡಿ.

3. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಕನ್ನಡಕ, ಗ್ಲೌಸ್, ಮಾಸ್ಕ್ ಕಡ್ಡಾಯ. ತುಕ್ಕು ಕಣ್ಣಿಗೇ ಉದುರುತ್ತದೆ, ಒಡೆದ ಕನ್ವರ್ಟರಿನ ಪುಡಿ ಎದೆಗೆ ಒಳ್ಳೆಯದಲ್ಲ.

4. ಸೆನ್ಸರಿನ ಕನೆಕ್ಟರ್ ಮೊದಲು ಕಳಚಿ, ಆಮೇಲೆ 22 ಎಂಎಂ ಸೆನ್ಸರ್ ಸಾಕೆಟ್‌ನಿಂದ ತಿರುಗಿಸಿ. ನಂತರ ಹೀಟ್ ಶೀಲ್ಡ್, ಆಮೇಲೆ ಫ್ಲೇಂಜ್ ಬೋಲ್ಟ್. ಹಿಂದಿನ ಪೈಪು ಜೋತುಬೀಳದಂತೆ ತಂತಿ ಕಟ್ಟಿ. ರಬ್ಬರ್ ಹ್ಯಾಂಗರ್ ಬಾರದಿದ್ದರೆ ಸೋಪಿನ ನೀರು ಹಾಕಿ.

ಕೂರಿಸುವುದು

5. ಡಬ್ಬದ ಮೇಲಿನ ಬಾಣದ ಗುರುತು ಸೈಲೆನ್ಸರ್ ಕಡೆಗೆ ಇರಲಿ. ಗ್ಯಾಸ್ಕೆಟ್, ಬೋಲ್ಟ್, ನಟ್ಟು ಎಲ್ಲವೂ ಹೊಸದು. ಸಿಲಿಕೋನ್ ಪೇಸ್ಟ್ ಹಚ್ಚಬೇಡಿ, ಅದರ ಆವಿ ಸೆನ್ಸರನ್ನು ಹಾಳುಮಾಡುತ್ತದೆ.

6. ಎಲ್ಲಾ ಬೋಲ್ಟುಗಳನ್ನೂ ಮೊದಲು ಬೆರಳಲ್ಲಷ್ಟೇ ತಿರುಗಿಸಿ. ಪೈಪುಗಳು ಒಂದೇ ಸಾಲಿಗೆ ಬಂದ ಮೇಲೆ ಎಂಜಿನ್ ಕಡೆಯಿಂದ ಹಿಂದಕ್ಕೆ, ಮ್ಯಾನ್ಯುಯಲ್ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ. ಸೆನ್ಸರಿನ ಮರೆಗೆ ಮಾತ್ರ ಆಂಟಿ-ಸೀಜ್ ಹಚ್ಚಿ, ತುದಿಗೆ ತಾಗಿಸಬೇಡಿ.

7. ಗಾಡಿಯನ್ನು ಬಯಲಲ್ಲೇ ಸ್ಟಾರ್ಟ್ ಮಾಡಿ, ಶೆಡ್ ಒಳಗೆ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲ ಕೆಲವು ನಿಮಿಷ ಸ್ವಲ್ಪ ಹೊಗೆ ಬಂದರೆ ಹೆದರಬೇಡಿ, ಹೊಸ ಲೋಹದ ಮೇಲಿನ ಎಣ್ಣೆ ಉರಿಯುತ್ತದೆ. ಟಿಕ್‌ಟಿಕ್ ಸದ್ದು ಬಂದರೆ ಕೀಲಿನಲ್ಲಿ ಸೋರಿಕೆ ಇದೆ ಎಂದು ತಿಳಿಯಿರಿ.

ಕುಣಿಗಲ್ ರಸ್ತೆಯ ಪರೀಕ್ಷೆ

ಕೋಡ್ ಅಳಿಸಿದ ಕೂಡಲೇ ಗೆದ್ದೆವು ಅಂದುಕೊಳ್ಳಬಾರದು. ಇಸಿಯು ತಾನೇ ಮತ್ತೆ ಪರೀಕ್ಷೆ ಮಾಡಿ ಮುಗಿಸಬೇಕು, ಅದಕ್ಕೆ ಸ್ಥಿರ ವೇಗದ ಓಟ ಬೇಕು. ತುಮಕೂರಿನಿಂದ ಗೂಳೂರು, ಹೆಬ್ಬೂರು ದಾಟಿ ಕುಣಿಗಲ್‌ವರೆಗೆ ಹೋಗಿ ಬಂದೆವು. ದಾರಿಯುದ್ದಕ್ಕೂ ಸ್ಕ್ಯಾನರ್ ನೋಡಿದೆವು: ಮುಂದಿನ ಸೆನ್ಸರಿನ ವೋಲ್ಟೇಜು ಮೇಲೆ ಕೆಳಗೆ ಕುಣಿಯುತ್ತಿತ್ತು, ಹಿಂದಿನದು 0.6-0.7ರ ಬಳಿ ಹೆಚ್ಚುಕಮ್ಮಿ ನೇರ ಗೆರೆ. ಕನ್ವರ್ಟರ್ ಕೆಲಸ ಮಾಡುತ್ತಿದೆ ಅನ್ನೋದಕ್ಕೆ ಇದೇ ಸಾಕ್ಷಿ. ಎರಡೂ ಒಂದೇ ಥರ ಕುಣಿದರೆ ಕನ್ವರ್ಟರ್ ಸುಮ್ಮನೆ ಕೂತಿದೆ ಎಂದರ್ಥ.

ಮರುದಿನ ಎಮಿಷನ್ ಟೆಸ್ಟ್. ಬಿಎಸ್-4 ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ. 0.3, ಹೈಡ್ರೋಕಾರ್ಬನ್ 200 ಪಿಪಿಎಂ ಮೀರಬಾರದು. ಪಾಸ್ ಆಯಿತು.

ಹಾಗಾದರೆ ಒಡೆಸಿದ್ದರೆ?

ಖಾಲಿ ಡಬ್ಬಕ್ಕೆ ಪಿಕಪ್ ಬರುತ್ತಿತ್ತು ನಿಜ. ಆದರೆ ಅದು ಕಟ್ಟಿಕೊಂಡ ಕನ್ವರ್ಟರಿಗೆ ಹೋಲಿಸಿದರೆ ಮಾತ್ರ. ಸರಿಯಿರುವ ಹೊಸದಕ್ಕೆ ಹೋಲಿಸಿದರೆ ಮನೆ ಬಳಕೆಯ ಕಾರಿನಲ್ಲಿ ವ್ಯತ್ಯಾಸ ಕೈಗೆ ಸಿಗುವಷ್ಟಿಲ್ಲ. ಎಂಜಿನ್ ಲೈಟು ಆರುತ್ತಿರಲಿಲ್ಲ, ಮುಂದೆ ನಿಜವಾದ ತೊಂದರೆ ಬಂದರೂ ಗೊತ್ತಾಗುತ್ತಿರಲಿಲ್ಲ. ಮೋಟಾರು ವಾಹನ ಕಾಯ್ದೆಯ 190(2) ಕಲಮಿನಲ್ಲಿ ಮಾಲಿನ್ಯ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಎರಡಕ್ಕೂ ಅವಕಾಶವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಬೆಳಗ್ಗೆ ಬಿ.ಎಚ್. ರಸ್ತೆಯ ಸಿಗ್ನಲ್ಲಿನಲ್ಲಿ ಆ ಕಾರಿನ ಹಿಂದೆ ಬೈಕಿನಲ್ಲಿ ನಿಲ್ಲುವವರು ನಾವೇ.

ಹಳೆಯದನ್ನು ಗುಜರಿಗೆ ಹಾಕಲಿಲ್ಲ. ಹೊಸದು ಕೊಟ್ಟ ಅಂಗಡಿಗೇ ಹಿಂತಿರುಗಿಸಿ, ರಸೀದಿ ತಗೊಂಡು, ಬಿಲ್ಲಿನಲ್ಲಿ ಅಷ್ಟು ಕಡಿಮೆ ಮಾಡಿಸಿದೆವು. ಲೇಬರ್ ಉಳಿದಿದ್ದು ನಮ್ಮಿಂದ. ಅಂಕಲ್ ಲೆಕ್ಕ ಹಾಕಿ, "ಪರವಾಗಿಲ್ಲ ಕಣ್ರಪ್ಪ, ಫೀಸು ಕಟ್ಟಿದ್ದಕ್ಕೂ ಸಾರ್ಥಕ ಆಯ್ತು" ಅಂದರು. ಆದರೆ ಜಾಕಿ ಹೂತ ವಿಷಯ ಮಾತ್ರ ಅವರಿಗೆ ಇನ್ನೂ ಹೇಳಿಲ್ಲ. ಈ ಲೇಖನ ಓದಿದರೆ ಗೊತ್ತಾಗುತ್ತೆ.